ಸಮಿತಿ ಆರಿಸಿದ ಹೆಡ್‌ಫೋನು

ಓಡಿಂಗ್‌ನ ಸ್ಪೀಕರಿನ ಗದ್ದಲ ಮಿತಿ ಮೀರಿತು ಎಂದು ಹೇಳಲು ಹೋದ ದಿನ ನಮ್ಮ ಪಾ ಎರ್ತೆ ಮೊದಲ ಒಂದು ಗಂಟೆ ಮೆಣಸಿನಕಾಯಿಯ ಬೆಲೆಯ ಬಗ್ಗೆಯೇ ಮಾತಾಡಿದರು. ಆಮೇಲೆ ಉಜುಂಗ್‌ಬೆರುಂಗ್ ಮಾರುಕಟ್ಟೆಯ ಹಿಂದಿನ ಚರಂಡಿಯ ವಿಷಯ ಬಂತು. ಆಮೇಲೆ ಓಡಿಂಗ್‌ನ ಹೆಂಡತಿ ತೇ ಇಮಾಸ್ ತಂದಿಟ್ಟ ಕರಿದ ಬಾಳೆಹಣ್ಣಿನ ರುಚಿ. ಕೊನೆಗೆ ಎದ್ದು ಚಪ್ಪಲಿ ಮೆಟ್ಟುತ್ತಾ, ಬೆನ್ನು ತಿರುಗಿಸಿಕೊಂಡೇ ಅಂದರು:

"ನಿನ್ನ ಸ್ಪೀಕರ್ ಬಹಳ ಚೆನ್ನಾಗಿದೆ ಕಣಪ್ಪಾ. ಮಸೀದಿ ತನಕ ಸ್ಪಷ್ಟವಾಗಿ ಕೇಳುತ್ತೆ."

ಓಡಿಂಗ್ ಸಂತೋಷದಿಂದ ತಲೆ ಬಾಗಿಸಿ ಉಪಕಾರ ಸ್ಮರಿಸಿದ.

ಪಾ ಎರ್ತೆ ಅಂದರೆ ನಮ್ಮ ಇಂಡೋನೇಷ್ಯಾದಲ್ಲಿ ಗಲ್ಲಿಯ ಮನೆಗಳೆಲ್ಲ ಸೇರಿ ಆರಿಸಿಕೊಂಡ ಹಿರಿಯರು. ಸಂಬಳವಿಲ್ಲ, ಆದರೆ ಒಮ್ಮೆ ಕೂತವರು ಎದ್ದದ್ದನ್ನು ನಾನು ನೋಡಿಲ್ಲ. ಅವರ ಹೆಸರು ಜುಹಾನಾ ಎಂಬುದು ಅವರ ಹೆಂಡತಿಗೂ ಮರೆತಿರಬೇಕು. ನಾನು ಗಲ್ಲಿಯ ಕಾರ್ಯದರ್ಶಿ. ಶಾಲೆಯಲ್ಲಿ ಪಾಠ ಹೇಳಿದ ತಪ್ಪಿಗೆ ಬರೆಯುವ ಕೆಲಸವೆಲ್ಲ ನನ್ನ ತಲೆಗೇ ಬಿತ್ತು. ಎಲ್ಲರಿಗೂ ನಾನು ಪಾ ಗುರು. ಆ ದಿನ ಜೊತೆಯಲ್ಲಿ ಹೋಗಿ ಬಾಳೆಹಣ್ಣು ತಿಂದು ಬಂದೆ.

ಅದು ಹೊಗಳಿಕೆಯಲ್ಲ, ದೂರು ಎಂದು ಓಡಿಂಗ್‌ಗೆ ಹೊಳೆಯಲು ಒಂದು ವಾರ ಹಿಡಿಯಿತು. ಹೊಳೆದದ್ದೂ ತಾನಾಗಿ ಅಲ್ಲ. ತೇ ಇಮಾಸ್ ಪಾತ್ರೆ ತೊಳೆಯುತ್ತಾ ಬಿಡಿಸಿ ಹೇಳಿದಳಂತೆ. ಹುಟ್ಟಿ ಬೆಳೆದದ್ದು ಇಲ್ಲೇ ಆದರೂ ಅವನದು ಹರೆಯದಿಂದ ಮೆಟಲ್ ಕೇಳಿದ ಕಿವಿ. ಬೆನ್ನು ತಿರುಗಿಸಿ ಮೆಲ್ಲಗೆ ಆಡಿದ ಮಾತು ಅಂಥ ಕಿವಿಯನ್ನು ನಿಧಾನವಾಗಿ ತಲುಪುತ್ತದೆ.

ಆ ಸಂಗೀತ ನಮಗೇನೂ ಹೊಸದಲ್ಲ. ಬಾಂಡುಂಗ್‌ನ ಈ ಪೂರ್ವದ ಅಂಚಿನಲ್ಲಿ ಗಲ್ಲಿಗೊಂದು ಬ್ಯಾಂಡ್ ಇದ್ದ ಕಾಲವಿತ್ತು. ಹುಡುಗರು ಕಪ್ಪಂಗಿ ತೊಟ್ಟು ಗಂಟಲು ಹರಿಯುವಂತೆ ಕಿರುಚಿ, ಮಸೀದಿಯ ಬಾಂಗ್ ಕೇಳಿದ ಕೂಡಲೇ ಗಿಟಾರು ಗೋಡೆಗೊರಗಿಸಿ ಕೈಕಾಲು ತೊಳೆಯಲು ಹೋಗುತ್ತಿದ್ದರು. ಓಡಿಂಗ್ ಅಂಥದೊಂದು ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಆ ಬ್ಯಾಂಡಿನ ಹೆಸರನ್ನು ಮದುವೆ ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಈಗ ನಲವತ್ತು ದಾಟಿದ್ದಾನೆ. ಮನೆಯ ಮುಂದಿನ ಕೋಣೆಯಲ್ಲಿ ಟೀ ಶರ್ಟುಗಳ ಮೇಲೆ ಚಿತ್ರ ಅಚ್ಚು ಹಾಕುವುದು ಅವನ ಕಸುಬು. ಗಿರಾಕಿಗಳು ಹೆಚ್ಚಾಗಿ ಬ್ಯಾಂಡಿನವರೇ.

ಕೆಲಸ ಮಾಡುವಾಗ ಹಾಡು ಬೇಕು ಎಂಬುದು ಅವನ ಷೋಕಿ ಎಂದೇ ನಾನು ತಿಳಿದಿದ್ದೆ. ಕಿಟಕಿಯ ಬಳಿ ನಿಂತು ನೋಡಿದ ಮೇಲೆ ಗೊತ್ತಾಯಿತು. ಅಂಗಿಯ ಮೇಲೆ ಜಾಲರಿ ಬಿಗಿದ ಚೌಕಟ್ಟನ್ನು ಇಳಿಸಬೇಕು, ಬಣ್ಣ ಸುರಿಯಬೇಕು, ರಬ್ಬರ್ ಪಟ್ಟಿಯಿಂದ ಒಂದೇ ಒತ್ತಡದಲ್ಲಿ ಒಂದೇ ವೇಗದಲ್ಲಿ ಎಳೆಯಬೇಕು, ಚೌಕಟ್ಟು ಎತ್ತಬೇಕು. ಕೈ ಅವಸರಪಟ್ಟರೆ ಬಣ್ಣ ತೆಳುವಾಗುತ್ತದೆ, ಅನುಮಾನಿಸಿದರೆ ಕಲೆಸಿಕೊಳ್ಳುತ್ತದೆ. ಓಡಿಂಗ್ ತನ್ನ ಕೈಯನ್ನು ಹಾಡಿನೊಳಗಿನ ಡ್ರಮ್ಮಿಗೆ ಕಟ್ಟಿಬಿಟ್ಟಿದ್ದ. ಆ ಸಂಗೀತದಲ್ಲಿ ಡ್ರಮ್ಮಿನವನು ಎರಡೂ ಕಾಲಿನಿಂದ ಹೊಲಿಗೆ ಯಂತ್ರದ ಸೂಜಿಯಂತೆ ಹೊಡೆಯುತ್ತಾನಲ್ಲ, ಅದರ ಪ್ರತಿಯೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿದರೆ ಓಡಿಂಗ್‌ನ ಕೈ ಅದರ ಮೇಲೆ ಸವಾರಿ ಮಾಡುತ್ತಿತ್ತು. ಗಿಟಾರುಗಳು ತಿರುಗುವ ಜಾಗದಲ್ಲಿ ಚೌಕಟ್ಟು ಮೇಲೇಳುತ್ತಿತ್ತು. ಸಂಜೆಯ ಹೊತ್ತಿಗೆ ಅಂಗಿಗಳ ರಾಶಿಯಲ್ಲಿ ಒಂದು ಗೆರೆಯೂ ಕದಲಿರುತ್ತಿರಲಿಲ್ಲ.

ಗದ್ದಲ ಸಮಸ್ಯೆಯಾದದ್ದು ಪಕ್ಕದ ಮನೆಯ ಚೆ ರೊಕಾಯಾಳ ಮಗಳಿಗೆ ಅವಳಿ ಮಕ್ಕಳಾದ ಮೇಲೆ. ದಿನ ತುಂಬುವ ಮೊದಲೇ ಹುಟ್ಟಿದ, ಬೆಕ್ಕಿನ ಮರಿಯಷ್ಟಿದ್ದ ಕೂಸುಗಳು. ಎರಡು ಮನೆಗೂ ಗೋಡೆ ಒಂದೇ. ಚೆ ರೊಕಾಯಾ ಒಂದು ದಿನವೂ ಬಾಯಿ ಬಿಟ್ಟು ದೂರಲಿಲ್ಲ. ಸ್ಪೀಕರ್ ಜೋರಾದಾಗಲೆಲ್ಲ ಒಂದು ತಟ್ಟೆ ಬಾಲಾ-ಬಾಲಾ, ಅಂದರೆ ತರಕಾರಿ ಬೋಂಡ, ಬಿಸಿಬಿಸಿಯಾಗಿ ತಂದು ಕೊಡುತ್ತಿದ್ದಳು. ಮಕ್ಕಳು ಎದ್ದವು, ನಾನೂ ಎದ್ದೆ, ಎದ್ದವಳು ಸುಮ್ಮನೆ ಕೂರೋದೇಕೆ ಅಂತ ಕರಿದೆ ಎನ್ನುತ್ತಿದ್ದಳು. ಓಡಿಂಗ್‌ಗೆ ಇದೂ ಅರ್ಥವಾಗಿರಲಿಲ್ಲ. ರುಚಿಯಾಗಿದೆ ಎಂದು ಇನ್ನಷ್ಟು ತಿನ್ನುತ್ತಿದ್ದ.

ಅರ್ಥವಾದ ದಿನವೇ ಸ್ಪೀಕರಿನ ತಂತಿ ಕಿತ್ತ. ನಿಶ್ಶಬ್ದದಲ್ಲಿ ಅಚ್ಚು ಹಾಕಿದ ಮೊದಲ ಕಂತನ್ನು ತೇ ಇಮಾಸ್ ನೆಲ ಒರೆಸಲು ತೆಗೆದಿಟ್ಟಳು. ಆಗ ಓಡಿಂಗ್ ಪಾ ಎರ್ತೆಯ ಮನೆಗೆ ಹೋಗಿ, ಒಂದು ಹೆಡ್‌ಫೋನ್ ಕೊಂಡುಕೊಳ್ಳುತ್ತೇನೆ, ಇನ್ನು ತೊಂದರೆಯಾಗುವುದಿಲ್ಲ ಎಂದು ತಿಳಿಸಿದ. ಹೇಳದೆ ಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪಾ ಎರ್ತೆಗೆ ಕಣ್ಣು ತುಂಬಿ ಬಂತು. ಮೌನ ಸಿಗುವುದು ಗಲ್ಲಿಗೆಲ್ಲ, ಖರ್ಚು ಒಬ್ಬನದಾಗಬಾರದು, ಗಲ್ಲಿಯ ಹುಂಡಿಯಿಂದ ಕೊಡಿಸೋಣ ಎಂದರು. ಓಡಿಂಗ್ ಬೇಡ ಎಂದ. ನಮ್ಮಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಮೊದಲು ಬೇಡ ಎನ್ನಬೇಕು. ಅದು ಮರ್ಯಾದೆಯ ಬೇಡ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನು ಮತ್ತೆ ಬೇಡ ಎಂದ. ಎಂಥ ವಿನಯ ಎಂದು ಪಾ ಎರ್ತೆಯ ಹೆಂಡತಿ ಒಳಗಿನಿಂದ ಮೆಚ್ಚಿದರು. ಅವನು ಕೈಮುಗಿದು ಇನ್ನೊಮ್ಮೆ ಬೇಡವೇ ಬೇಡ ಎಂದಾಗ ವಿಷಯ ತೀರ್ಮಾನವಾಯಿತು: ಸಮಿತಿ ಆಗಲೇಬೇಕು.

ಸಮಿತಿ ಆಯಿತು. ಪಾ ಎರ್ತೆ ಅಧ್ಯಕ್ಷರು. ಚೆ ರೊಕಾಯಾ ಖಜಾಂಚಿ. ತಿಂಡಿಯ ವ್ಯವಸ್ಥೆಯೂ ಅವಳದೇ. ನಾನು ಕಾರ್ಯದರ್ಶಿ. ಹೆಡ್‌ಫೋನ್ ಹಾಕಿಕೊಳ್ಳಬೇಕಾದವನಿಗೆ ಸಮಿತಿಯಲ್ಲಿ ಜಾಗವಿರಲಿಲ್ಲ. ಕೊಡುಗೆ ಪಡೆಯುವವನು ಇಂಥದ್ದೇ ಬೇಕು ಎನ್ನುವುದು ನಮ್ಮಲ್ಲಿ ಚೆನ್ನಲ್ಲ. ಆದರೂ ಕಿವಿಯ ಅಳತೆಗೆಂದು ಅವನನ್ನು ಕರೆದುಕೊಂಡು ಹೋಗುವುದೆಂದಾಯಿತು. ಮುನ್ನೂರು ಸಾವಿರ ರೂಪಿಯಾ ಮೀರಬಾರದು ಎಂಬ ಒಂದೇ ನಿರ್ಣಯಕ್ಕೆ ಒಂದು ಸಂಜೆ ಪೂರ್ತಿ ಬೇಕಾಯಿತು.

ನಾಲ್ವರೂ ಬಾಡಿಗೆ ವ್ಯಾನಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಪೇಟೆಗೆ ಹೋದೆವು. ಓಡಿಂಗ್ ಗೊತ್ತುಮಾಡಿದ ಅಂಗಡಿ ಬಾಂಗ್ ತಿಗೋರ್‌ನದು, ಅಂದರೆ ತಿಗೋರಣ್ಣನದು. ತಿಗೋರ್ ಸುಮಾತ್ರಾದ ಮೇದಾನ್ ಕಡೆಯವನು. ಅವನ ಊರಲ್ಲಿ ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಹೇಳುತ್ತಾರಂತೆ. ಬಾಂಡುಂಗ್‌ನಲ್ಲಿ ಅಷ್ಟು ವರ್ಷ ವ್ಯಾಪಾರ ಮಾಡಿಯೂ ಆ ಅಭ್ಯಾಸ ಬಿಟ್ಟಿರಲಿಲ್ಲ.

ಯಾರ ಕಿವಿಗೆ ಎಂದು ಅವನು ಕೇಳಿದ. ಕೇಳುವವನು ಒಬ್ಬ, ಕೊಡಿಸುವವರು ನಾವೆಲ್ಲ, ಆದ್ದರಿಂದ ಎಲ್ಲರೂ ಕೇಳಿ ನೋಡಬೇಕಾಗುತ್ತದೆ ಎಂದು ಪಾ ಎರ್ತೆ ವಿವರಿಸಿದರು. ತಿಗೋರ್ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ ಅಂಗಡಿಯ ಕುರ್ಚಿಗಳನ್ನೆಲ್ಲ ಹೊರಗೆ ತಂದು ಹಾಕಿದ.

ಓಡಿಂಗ್ ಪರೀಕ್ಷೆಗೆಂದು ತನ್ನದೇ ಹಳೆಯ ಬ್ಯಾಂಡಿನ ಹಾಡನ್ನು ಫೋನಿನಲ್ಲಿ ತಂದಿದ್ದ. ಯಾರದೋ ಗ್ಯಾರೇಜಿನಲ್ಲಿ ರೆಕಾರ್ಡ್ ಮಾಡಿದ್ದು. ಡ್ರಮ್ ಬಾರಿಸಿದವನು ತಾನೇ ಆದ್ದರಿಂದ ಯಾವ ಪೆಟ್ಟು ಎಲ್ಲಿ ಬಿತ್ತೆಂದು ಅವನ ಕಾಲಿಗೆ ಗೊತ್ತಿತ್ತು.

ಮೊದಲನೆಯದು ಕರಿಯ ದಪ್ಪ ಹೆಡ್‌ಫೋನು. ಪೆಟ್ಟಿಗೆಯ ಮೇಲೆ ಭೂಕಂಪದ ಚಿತ್ರವಿತ್ತು. ಓಡಿಂಗ್ ಸ್ವಲ್ಪ ಹೊತ್ತು ಕೇಳಿ ಮುಖ ಹಿಂಡಿದ. ಕೆಳದನಿ ಊದಿಕೊಂಡು ಪೆಟ್ಟುಗಳು ಒಂದಕ್ಕೊಂದು ಅಂಟಿಕೊಂಡು ರುಬ್ಬುವ ಯಂತ್ರದ ಸದ್ದಾಗಿದೆ ಎಂದು ನನ್ನ ಕಿವಿಯಲ್ಲಿ ಹೇಳಿದ. ತಿಗೋರ್‌ಗೆ ಕೇಳಿಸಿತು. ಮೆಟಲ್ ಅಂದ ಕೂಡಲೇ ಜನ ಇದನ್ನೇ ಕೇಳಿಕೊಂಡು ಬರುತ್ತಾರೆ, ಎದೆ ನಡುಗಿದರೆ ಒಳ್ಳೆಯದು ಅಂದುಕೊಳ್ಳುತ್ತಾರೆ, ಧಡ್ ಅನ್ನುವುದು ಬೇರೆ, ಧಡಧಡ ಅನ್ನುವುದು ಬೇರೆ ಎಂದು ತನ್ನ ಮಾಲನ್ನು ತಾನೇ ತೆಗಳಿದ. ಎರಡನೆಯದರಲ್ಲಿ ತಾಳದ ಸದ್ದು ತಗಡಿನ ಮೇಲೆ ಮೊಳೆ ಎಳೆದ ಹಾಗಿತ್ತು. ಓಡಿಂಗ್ ಹಾಡಿನ ನಡುವೆಯೇ ಕಿತ್ತು ಕೆಳಗಿಟ್ಟ. ಮೂರನೆಯದರಲ್ಲಿ ಹಾಡುವವನು ಮೂಗಿನ ಮುಂದೆ ನಿಂತಿದ್ದ, ಗಿಟಾರುಗಳು ಪಕ್ಕದ ಮನೆಗೆ ಹೋಗಿದ್ದವು. ಅದು ಚೆ ರೊಕಾಯಾಗೆ ತುಂಬ ಹಿಡಿಸಿತು. ತನ್ನ ಭಕ್ತಿಗೀತೆಯ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗಿದೆ ಎಂದು ಇಡೀ ಹಾಡು ಮುಗಿಯುವ ತನಕ ಬಿಟ್ಟುಕೊಡಲಿಲ್ಲ. ಹಾಗೆ ಬಿಟ್ಟುಕೊಡದವರು ಇನ್ನೂ ಇಬ್ಬರಿದ್ದೆವು, ಪಾ ಎರ್ತೆ ಮತ್ತು ನಾನು. ನಾನೂ ವಾರ್ತೆ ಕೇಳಿ ನೋಡಿದೆ.

ನಾಲ್ಕನೆಯದನ್ನು ತಿಗೋರ್ ತಾನಾಗಿ ಒಳಗಿನಿಂದ ತಂದ. ಬೂದು ಬಣ್ಣ, ಎರಡು ಕಡೆಯೂ ಸೊಳ್ಳೆಪರದೆಯಂಥ ಜಾಲರಿ, ಅಗ್ಗದ ಸ್ಪಂಜು. ನೋಡಲು ಯಾವುದೋ ಸರ್ಕಾರಿ ಕಚೇರಿಯಿಂದ ಎತ್ತಿಕೊಂಡು ಬಂದ ಹಾಗಿತ್ತು. ಓಡಿಂಗ್ ಅದನ್ನು ಹಾಕಿಕೊಂಡ. ಮೊದಲು ಅವನ ಭುಜಗಳು ಇಳಿದವು. ಆಮೇಲೆ ಬಲಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಇಲ್ಲದ ರಬ್ಬರ್ ಪಟ್ಟಿಯನ್ನು ಹಿಡಿದು, ಎದೆಯ ಕಡೆಗೆ ಒಂದೇ ಸಮನೆ ಎಳೆಯತೊಡಗಿತು. ಹಾಡು ಮುಗಿಯಿತು. ಮತ್ತೆ ಮೊದಲಿನಿಂದ ಹಾಕಿದ.

ಇದೇ ಎಂದು ನನಗೆ ಗೊತ್ತಾಯಿತು. ತಿಗೋರ್‌ಗೂ ಗೊತ್ತಾಯಿತು. ಆಗ ಚೆ ರೊಕಾಯಾ ಎದ್ದು ಬಂದು ಓಡಿಂಗ್‌ನ ಕೆನ್ನೆಯ ಹತ್ತಿರ ತನ್ನ ಕಿವಿ ತಂದಳು.

"ಇದೇನಪ್ಪಾ, ಇವನಿಗರ್ಧ ನನಗರ್ಧ ಅಂತ ಹಂಚ್ತಾ ಇದೆಯಲ್ಲ ಇದು."

"ಅಮ್ಮಾ, ನೀವು ಹೀಗೆ ಅವನ ಹೆಗಲ ಮೇಲೆ ಮಲಗಿದ್ರೆ ಕೇಳ್ಸುತ್ತೆ," ಎಂದ ತಿಗೋರ್. "ಗೋಡೆ ಆಚೆ ಇದ್ರೆ ಇದಕ್ಕಿಂತ ಸೊಳ್ಳೆನೇ ಜೋರು. ಇದರ ಬೆನ್ನು ತೆರೆದಿರುತ್ತೆ, ಅದಕ್ಕೇ ಈ ದುಡ್ಡಿಗೆ ಇಷ್ಟು ಬಿಡಿಬಿಡಿಯಾಗಿ ಕೇಳೋದು. ಒಳಗಿಂದು ಸ್ವಲ್ಪ ಹೊರಗೆ ಹೋಗುತ್ತೆ, ಹೊರಗಿಂದು ಒಳಗೆ ಬರುತ್ತೆ, ಅಷ್ಟೇ."

ಅವನು ಹೇಳಿದ್ದೆಲ್ಲ ನಿಜ. ಆದರೆ ಮಗಳ ಮಕ್ಕಳನ್ನು ಆಡಿಸುವ ವಿಧವೆ ಪರಪುರುಷನ ಹೆಗಲ ಮೇಲೆ ಮಲಗುವ ಮಾತು ಅಷ್ಟು ಜನರ ಮುಂದೆ ಬಂದುಬಿಟ್ಟಿತ್ತು. ಚೆ ರೊಕಾಯಾ ತಲೆವಸ್ತ್ರ ಸರಿಮಾಡಿಕೊಂಡು ಕುರ್ಚಿಗೆ ಹಿಂದಿರುಗಿದಳು. ಪಾ ಎರ್ತೆ ಹವಾಮಾನದ ಬಗ್ಗೆ ಒಂದು ಮಾತಾಡಿದರು. ಬೂದು ಹೆಡ್‌ಫೋನು ಸತ್ತದ್ದು ಅಲ್ಲಿಯೇ. ಕೊಂದದ್ದು ಅದನ್ನು ಮಾರುವವನ ನಾಲಗೆ.

ಐದನೆಯದು ಕೆಂಪು. ಮುಚ್ಚಿದ ಬೆನ್ನು, ಹೊಳೆಯುವ ಮೈ, ತಂತಿ ಸಿಕ್ಕಿಸಿದರೆ ಎರಡು ಕಡೆಯೂ ಕೆಂಪು ದೀಪ ಉರಿಯುತ್ತಿತ್ತು. ಕೈಗೆತ್ತಿಕೊಂಡ ಪಾ ಎರ್ತೆ ಒಳ್ಳೆ ಭಾರವಿದೆ ಎಂದು ಮೆಚ್ಚಿದರು. ಭಾರಕ್ಕೆಂದೇ ಒಳಗೆ ಒಂದು ಕಬ್ಬಿಣದ ತುಂಡು ಅಂಟಿಸಿರುತ್ತಾರೆ ಎಂದು ತಿಗೋರ್ ತಿಳಿಸಿದ. ಗಟ್ಟಿಮುಟ್ಟಾಗಿರಲಿ ಅಂತ ಇರಬೇಕು ಎಂದು ಪಾ ಎರ್ತೆಗೆ ಇನ್ನೂ ಸಮಾಧಾನವಾಯಿತು.

ಅವರು ಅದರಲ್ಲಿ ತಮ್ಮ ಮೆಚ್ಚಿನ ಹಳೆಯ ಸುಂಡಾ ಹಾಡು ಹಾಕಿಸಿದರು. ಕಚಾಪಿಯ ತಂತಿ, ಬಿದಿರಿನ ಕೊಳಲು, ಬೆಟ್ಟದ ಮಂಜು, ಬಿಟ್ಟುಹೋದ ಹೆಣ್ಣು, ಆ ಜಾತಿಯದು. ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಹಾಡತೊಡಗಿದರು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ತಮಗೆ ಸರಿಯಾಗಿ ಕೇಳುವುದಿಲ್ಲವಷ್ಟೆ. ಕೊಳಲಿಗಿಂತ ಅರ್ಧ ಮೆಟ್ಟಿಲು ಕೆಳಗೆ, ಇಡೀ ಅಂಗಡಿ ಸಾಲು ತಿರುಗಿ ನೋಡುವಷ್ಟು ಜೋರಾಗಿ ಹಾಡಿದರು. ನಾವೆಲ್ಲ ನಸುನಗುತ್ತಾ ಕೂತಿದ್ದೆವು. ಆಗಲೇ ಏನಾದರೂ ಅನ್ನಬೇಕಿತ್ತು.

ಪಾ ಎರ್ತೆಗೆ ಕೊಳಲು ಚೆನ್ನಾಗಿ ಕೇಳಿತು. ಚೆ ರೊಕಾಯಾಗೆ ಹೊರಗೆ ನಿಂತರೆ ಏನೂ ಕೇಳಲಿಲ್ಲ. ನನಗೆ ಕಾಲು ನೋಯುತ್ತಿತ್ತು. ಒಮ್ಮತವಾಯಿತು. ಎಲ್ಲರೂ ಓಡಿಂಗ್‌ನ ಕಡೆ ತಿರುಗಿದೆವು. ಅವನೂ ಅದನ್ನು ಹಾಕಿಕೊಂಡು ತನ್ನ ಹಾಡು ಕೇಳಿದ. ಬಲಗೈ ಪ್ಯಾಂಟಿನ ಜೇಬಿನೊಳಗೆ ಹೋಗಿ ಅಲ್ಲೇ ಉಳಿಯಿತು.

"ಹೇಗಿದೆ?" ಎಂದರು ಪಾ ಎರ್ತೆ.

"ಚೆನ್ನಾಗಿದೆ ಪಾ," ಎಂದ ಓಡಿಂಗ್.

ನಮ್ಮ ಕಡೆ ಈ ಒಂದು ಮಾತಿಗೆ ಎಷ್ಟು ಅರ್ಥಗಳಿವೆ ಎಂದು ಎಲ್ಲರಿಗೂ ಗೊತ್ತು. ಹಸಿದವನೂ ಚೆನ್ನಾಗಿದೆ ಅನ್ನುತ್ತಾನೆ, ಹಲ್ಲು ಕೀಳಿಸಿಕೊಂಡವನೂ ಅನ್ನುತ್ತಾನೆ. ಗೊತ್ತಿದ್ದೂ ಆ ದಿನ ಮೂವರೂ ಅದನ್ನು ನಿಘಂಟಿನಲ್ಲಿದ್ದ ಹಾಗೆಯೇ ಅರ್ಥಮಾಡಿಕೊಂಡೆವು. ತಿಗೋರ್ ಮಾತ್ರ ದುಡ್ಡು ತೆಗೆದುಕೊಳ್ಳುವಾಗ ಓಡಿಂಗ್‌ನ ಮುಖ ನೋಡಿ, ನಿನ್ನ ಬಾಯಿಗೆ ಏನಾಗಿದೆ ಎಂದು ಕೇಳಿದ. ಅಷ್ಟು ಒರಟಾಗಿ ಮಾತಾಡಿ ಅಂಗಡಿ ಹೇಗೆ ನಡೆಸುತ್ತಾನೋ ಎಂದು ಚೆ ರೊಕಾಯಾ ದಾರಿಯುದ್ದಕ್ಕೂ ಮರುಗಿದಳು.

ಕೊಡುಗೆಯನ್ನು ಸುಮ್ಮನೆ ಕೊಡಲಾಗುತ್ತದೆಯೇ? ಅರಿಶಿನದ ಅನ್ನವನ್ನು ಗೋಪುರ ಮಾಡಿ ಸುತ್ತ ಕೋಳಿ, ಮೊಟ್ಟೆ, ಸೊಪ್ಪು ಜೋಡಿಸಿದರು. ಪಾ ಎರ್ತೆ ನೆರೆಹೊರೆಯ ಸೌಹಾರ್ದದ ಬಗ್ಗೆ ದೀರ್ಘವಾಗಿ ಮಾತಾಡಿದರು. ಓಡಿಂಗ್‌ನ ಕಿವಿಗಳನ್ನೂ ನಮ್ಮ ಕಿವಿಗಳನ್ನೂ ದೇವರು ಕಾಪಾಡಲಿ ಎಂದು ಪ್ರಾರ್ಥನೆಯಾಯಿತು. ಓಡಿಂಗ್ ಕೆಂಪು ದೀಪ ಉರಿಸಿಕೊಂಡು, ಆಸ್ಪತ್ರೆಯ ಯಂತ್ರಕ್ಕೆ ಜೋಡಿಸಿದವನ ಹಾಗೆ, ಗೋಪುರದ ತುದಿಯ ಅನ್ನವನ್ನು ಕತ್ತರಿಸಿ ಪಾ ಎರ್ತೆಗೆ ಕೊಟ್ಟ. ಪ್ರಾರ್ಥನೆಯಾದ ವಸ್ತು ಇನ್ನು ಹಿಂದಿರುಗುವಂತಿಲ್ಲ.

ಅವಳಿ ಮಕ್ಕಳು ನೆಮ್ಮದಿಯಾಗಿ ನಿದ್ದೆ ಮಾಡಿದವು. ಬಾಲಾ-ಬಾಲಾ ಬರುವುದು ನಿಂತಿತು. ಆದರೆ ಓಡಿಂಗ್‌ನ ಕೈ ಕೆಟ್ಟಿತು. ಆ ಕೆಂಪು ಡಬ್ಬಿಯೊಳಗೆ ಡ್ರಮ್ಮಿನ ಪೆಟ್ಟುಗಳೆಲ್ಲ ಕರಗಿ ಒಂದೇ ಗುಂಯ್ ಆಗುತ್ತಿದ್ದವು. ಹಿಡಿದುಕೊಳ್ಳಲು ಏನೂ ಸಿಗದೆ ಕೈ ಒಮ್ಮೆ ಓಡುತ್ತಿತ್ತು, ಒಮ್ಮೆ ತಡೆಯುತ್ತಿತ್ತು. ಒಂದು ಬ್ಯಾಂಡಿನವರು ಕಲೆಸಿಹೋದ ಅಂಗಿಗಳನ್ನೇ ಖುಷಿಯಿಂದ ತೆಗೆದುಕೊಂಡು ಹೋದರು, ಏಕೆಂದರೆ ಬ್ಯಾಂಡಿನ ಹೆಸರು ಓದಲು ಬಾರದಂತಿರುವುದೇ ಅವರಿಗೆ ಬೇಕಿತ್ತು. ಉಳಿದ ಗಿರಾಕಿಗಳು ಅಷ್ಟು ರಸಿಕರಲ್ಲ. ಒಬ್ಬೊಬ್ಬರೇ ಬೇರೆ ಕಡೆ ಹೋದರು.

ತೇ ಇಮಾಸ್ ಒಂದು ದಿನ ನನ್ನ ಬಳಿ ಬಂದಳು. ಹೀಗೇ ಆದರೆ ಟೋಲ್ ರಸ್ತೆಯಾಚೆ ಎಲ್ಲಾದರೂ ಷೆಡ್ಡು ಹಿಡಿದು ಸ್ಪೀಕರ್ ಹಾಕಿಕೊಂಡು ಕೆಲಸ ಮಾಡಬೇಕಾಗುತ್ತದೆ, ಬಾಡಿಗೆ ಕೊಟ್ಟ ಮೇಲೆ ಮನೆಗೆ ಉಳಿಯುವುದು ಸ್ಪೀಕರಿನ ಸದ್ದು ಮಾತ್ರ ಎಂದಳು. ಆ ಬೂದು ಹೆಡ್‌ಫೋನನ್ನು ಓಡಿಂಗ್ ತಾನೇ ಕೊಂಡುಬಿಡಬಾರದೇ ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ, ಇಷ್ಟು ಓದಿದವರು ಇದೇನು ಕೇಳುತ್ತೀರಿ ಎಂಬುದಿತ್ತು. ಅವರ ಕಿಟಕಿ ಗಲ್ಲಿಗೆ ತೆರೆದಿದೆ. ಎದುರುಗಡೆಯೇ ಪಾ ಎರ್ತೆಯ ಜಗುಲಿ. ಕೆಂಪು ದೀಪ ಕಾಣದ ದಿನ ಗಲ್ಲಿಯ ಮುಖಕ್ಕೆ ಹೊಡೆದ ಹಾಗಲ್ಲವೇ? ನೀವು ಒಂದು ಮಾತು ಅವರ ಕಿವಿಗೆ ಹಾಕಿ ಪಾ ಗುರು ಎಂದಳು. ನೋಡೋಣ ಎಂದೆ. ನಮ್ಮಲ್ಲಿ ನೋಡೋಣ ಅಂದರೆ ಏನೆಂದು ಅವಳಿಗೆ ಗೊತ್ತಿತ್ತು; ಹೆಚ್ಚು ಹೊತ್ತು ಕೂರಲಿಲ್ಲ.

ಅಷ್ಟರಲ್ಲಿ ಆಗಸ್ಟ್ ಬಂತು. ಸ್ವಾತಂತ್ರ್ಯದ ಹಬ್ಬಕ್ಕೆ ಗಲ್ಲಿಗೆ ಗಲ್ಲಿಯೇ ಒಂದೇ ಬಗೆಯ ಅಂಗಿ ತೊಡುವುದು ಪದ್ಧತಿ. ಅಚ್ಚು ಹಾಕುವವನು ಗಲ್ಲಿಯಲ್ಲೇ ಇರುವಾಗ ಬೇರೆಯವರಿಗೆ ಕೊಡುವ ಪ್ರಶ್ನೆಯೇ ಇಲ್ಲ. ಎದೆಯ ಮೇಲೆ ದೊಡ್ಡದಾಗಿ ಹಬ್ಬದ ತಾರೀಕು ಹದಿನೇಳು, ಅದರ ಕೆಳಗೆ ನಮ್ಮ ಗಲ್ಲಿಯ ಬಿದಿರು ಕಮಾನು. ಕೆಂಪು ಮತ್ತು ಕಪ್ಪು, ಎರಡು ಬಣ್ಣ; ಎಂದರೆ ಎರಡು ಸಲ ಎಳೆಯಬೇಕು, ಎರಡನೆಯದು ಮೊದಲನೆಯದರ ಮೇಲೆ ಕೂದಲೆಳೆಯೂ ತಪ್ಪದೆ ಕೂರಬೇಕು. ಓಡಿಂಗ್ ಸಮಿತಿಯ ಹೆಡ್‌ಫೋನ್ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ದೀಪ ಉರಿಸಿಕೊಂಡು, ಅಷ್ಟೂ ಅಂಗಿಗಳನ್ನು ಎಳೆದ.

ಹದಿನೇಳರ ಪಕ್ಕದಲ್ಲಿ ಇನ್ನೊಂದು ಹದಿನೇಳು ನೆರಳಿನಂತೆ ನಿಂತಿತ್ತು. ಬಿದಿರು ಕಮಾನು ಭೂಕಂಪದ ಮಧ್ಯೆ ತೆಗೆದ ಫೋಟೋದ ಹಾಗಿತ್ತು. ನೋಡುತ್ತಿದ್ದರೆ ಕಣ್ಣು ಉಜ್ಜಿಕೊಳ್ಳಬೇಕೆನಿಸುತ್ತಿತ್ತು. ಅವನು ಬೇಕೆಂದೇ ಹಾಗೆ ಮಾಡಿದನೇ ಎಂದು ಆಮೇಲೆ ಕೇಳಿದವರಿದ್ದಾರೆ. ಇಲ್ಲ, ಅವನು ಆ ಕೆಲಸಕ್ಕೆ ಪಟ್ಟ ಪಾಡನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ಗಲ್ಲಿಯವರೆಲ್ಲ ಅಂಗಿ ತೊಟ್ಟರು. ಗೋಣಿಚೀಲದ ಓಟ, ಹಗ್ಗ ಜಗ್ಗಾಟ, ಎಣ್ಣೆ ಹಚ್ಚಿದ ಕಂಬ, ಎಲ್ಲ ಕಡೆಯೂ ಜೋಡಿ ಹದಿನೇಳುಗಳು ಓಡಾಡುತ್ತಿದ್ದವು. ಪಕ್ಕದ ಗಲ್ಲಿಯ ಹಿರಿಯರು ಬಂದವರು ನಮ್ಮನ್ನು ಬಹಳ ಹೊತ್ತು ನೋಡಿ, ನಿಮ್ಮ ಗಲ್ಲಿಗೆ ಸ್ವಾತಂತ್ರ್ಯ ಎರಡೆರಡು ಸಲ ಬಂತೇನೋ ಎಂದರು. ಪಾ ಎರ್ತೆ ಹೆಮ್ಮೆಯಿಂದ ನಕ್ಕು, ನಮ್ಮ ಓಡಿಂಗ್‌ನ ಕೈಚಳಕ ಎಂದರು. ಚೆ ರೊಕಾಯಾ ಬಟ್ಟೆ ಮೆತ್ತಗಿದೆ ಎಂದಳು. ಇನ್ನೊಬ್ಬರು ಬಣ್ಣ ಗಾಢವಾಗಿ ಬಂದಿದೆ ಎಂದರು.

ಓಡಿಂಗ್ ಕಂಬದ ಹತ್ತಿರ ನನ್ನ ಪಕ್ಕ ನಿಂತಿದ್ದ. ಒಬ್ಬೊಬ್ಬರು ಹೊಗಳಿದಾಗಲೂ ಅವನ ಮುಖ ಇನ್ನಷ್ಟು ಜೋಲುತ್ತಿತ್ತು.

"ಪಾ ಗುರು," ಎಂದ ಮೆಲ್ಲಗೆ, "ಯಾರಾದ್ರೂ ಒಬ್ರು ಬೈಯಿರಿ ನನಗೆ."

"ಯಾಕಯ್ಯಾ?"

"ಬೈದ್ರೆ ಹೇಳ್ಬಹುದು. ಅಂಗಿ ಯಾಕೆ ಹೀಗಾಯ್ತು ಅಂತ ಒಬ್ರಾದ್ರೂ ಕೇಳಿದ್ರೆ ಹೇಳಿಬಿಡ್ತೀನಿ. ಕೇಳದೆ ಹೇಗೆ ಹೇಳ್ಲಿ?"

ಅವನ ಕಣ್ಣು ನನ್ನ ಎದೆಯ ಮೇಲಿದ್ದ ಎರಡು ಹದಿನೇಳುಗಳ ಮೇಲಿತ್ತು. ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಜೀವಮಾನವಿಡೀ ಕೆಂಪು ಗೆರೆ ಎಳೆದವನು ನಾನು. ಬಾಯಿ ತೆರೆದೆ.

"ಅಂಗಿ ಚೆನ್ನಾಗಿದೆ ಓಡಿಂಗ್," ಎಂದೆ.

ಅವನು ತಲೆಯಾಡಿಸಿ ನಿಂಬೆ ಶರಬತ್ತಿನ ಕಡೆ ಹೋದ.

ಹಬ್ಬ ಕಳೆದು ಕೆಲವು ದಿನಗಳ ಮೇಲೆ ಪಾ ಎರ್ತೆ ಮತ್ತೆ ನನ್ನನ್ನು ಕರೆದುಕೊಂಡು ಓಡಿಂಗ್‌ನ ಮನೆಗೆ ಹೋದರು. ಮೆಣಸಿನಕಾಯಿಯ ಬೆಲೆ ಇಳಿದಿತ್ತು. ಆದ್ದರಿಂದ ಈರುಳ್ಳಿಯ ವಿಷಯ ಮಾತಾಡಿದರು. ಎದ್ದು ಚಪ್ಪಲಿ ಮೆಟ್ಟುವಾಗ ಮೇಜಿನ ಮೇಲಿದ್ದ ಕೆಂಪು ಹೆಡ್‌ಫೋನಿನ ಕಡೆ ನೋಡಿ, ಸಂಜೆ ಹೊತ್ತು ಕಚಾಪಿ ಕೇಳೋಣ ಅಂದರೆ ಫೋನಿನಲ್ಲಿ ಕೊಳಲು ತೆಳ್ಳಗೆ ಕೇಳುತ್ತದೆ, ನಿನಗೆ ತೊಂದರೆಯಿಲ್ಲದಿದ್ದರೆ ಎರಡು ದಿನ... ಎಂದು ಶುರು ಮಾಡಿದರು. ಅವರ ವಾಕ್ಯ ಮುಗಿಯುವ ಮೊದಲು ಓಡಿಂಗ್ ತಂತಿ ಸುತ್ತಿ, ದೀಪ ಒರೆಸಿ, ಎರಡೂ ಕೈಯಿಂದ ಹಿಡಿದು ಕೊಟ್ಟಾಗಿತ್ತು. ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಿ, ನಿಮ್ಮದೇ ಅಂದುಕೊಳ್ಳಿ ಎಂದ. ಪಾ ಎರ್ತೆ ಬೇಡ ಬೇಡ ಎಂದರು. ಅದು ಮರ್ಯಾದೆಯ ಬೇಡ.

ಅವರು ವಿಷಯ ತಿಳಿದು ಕೇಳಿದರೋ, ಆಸೆಪಟ್ಟು ಕೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಇಂಥದನ್ನು ಕೇಳಿ ತಿಳಿದುಕೊಳ್ಳುವ ಕ್ರಮ ನಮ್ಮಲ್ಲಿಲ್ಲ.

ಅದೇ ದಿನ ಮಧ್ಯಾಹ್ನ ಓಡಿಂಗ್ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಿಗೋರ್‌ನ ಅಂಗಡಿಗೆ ಹೋದ. ಈ ಸಲ ಮೆರವಣಿಗೆ ಇಲ್ವಾ ಎಂದು ತಿಗೋರ್ ಬೀದಿಯ ಕಡೆ ಇಣುಕಿದ. ಬೂದು ಹೆಡ್‌ಫೋನನ್ನು ಕೆಳಗಿನ ಕಪಾಟಿನಿಂದ ತೆಗೆದಿಟ್ಟು, ಆ ಕೆಂಪುದು ಹೇಗಿದೆ ಎಂದು ಕೇಳಿದ.

"ಚೆನ್ನಾಗಿದೆ ಬಾಂಗ್," ಎಂದ ಓಡಿಂಗ್, ಬಾಯಿ ಅಭ್ಯಾಸಕ್ಕೆ.

"ಹಾಗಾದ್ರೆ ಇಲ್ಲಿಗ್ಯಾಕೆ ಬಂದೆ ಮಾರಾಯ?"

ಓಡಿಂಗ್ ಬೂದು ಹೆಡ್‌ಫೋನ್ ಹಾಕಿಕೊಂಡ. ಬಲಗೈ ತಾನಾಗಿ ಮೇಲೆದ್ದಿತು.

ಮರುದಿನದ ಕೆಲಸವನ್ನು ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಇಳಿಸು, ಎಳೆ, ಎತ್ತು. ಗೆರೆಗಳು ಬ್ಲೇಡಿನಿಂದ ಕೊಯ್ದ ಹಾಗೆ ಬಿದ್ದಿದ್ದವು. ನಾನು ಗೋಡೆಯಾಚೆಗೂ ಹೋಗಿ, ಮಕ್ಕಳನ್ನು ನೋಡುವ ನೆಪದಲ್ಲಿ ಕಿವಿಗೊಟ್ಟೆ; ತಿಗೋರ್ ಹೇಳಿದ ಸೊಳ್ಳೆಯಷ್ಟೂ ಕೇಳಲಿಲ್ಲ. ಹೊಸ ಹೆಡ್‌ಫೋನು ಯಾರದೆಂದು ಯಾರೂ ಕೇಳಲಿಲ್ಲ. ಬಿಟ್ಟುಹೋದ ಗಿರಾಕಿಗಳಲ್ಲಿ ಒಬ್ಬ ಹಿಂದಿರುಗಿದ. ತೇ ಇಮಾಸ್ ನನ್ನನ್ನು ಕಂಡು ನಕ್ಕಳು, ನಾನೇನೋ ಮಾಡಿದವನ ಹಾಗೆ.

ಅದು ಬಹಳ ದಿನ ನಡೆಯಲಿಲ್ಲ. ಸಂಜೆಯಾದರೆ ಪಾ ಎರ್ತೆ ಎದುರಿನ ಜಗುಲಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು, ಕೆಂಪು ದೀಪ ಉರಿಸಿಕೊಂಡು, ಕಣ್ಣು ಮುಚ್ಚುತ್ತಾರೆ. ನಮಗೆ ಕೊಳಲೂ ಕೇಳುವುದಿಲ್ಲ, ಕಚಾಪಿಯೂ ಕೇಳುವುದಿಲ್ಲ. ಕೇಳುವುದು ಅವರು ಮಾತ್ರ. ಬೆಟ್ಟದ ಮಂಜಿನ ಹತ್ತಿರ ಬಂದಾಗ ದನಿ ನಡುಗುತ್ತದೆ. ಬಿಟ್ಟುಹೋದ ಹೆಣ್ಣಿನ ಹೆಸರು ಬಂದಾಗ ಕೋಳಿಗಳು ಗೂಡಿನಿಂದ ಹೊರಬರುತ್ತವೆ. ಅವಳಿ ಮಕ್ಕಳು ಎದ್ದು ಅಳುತ್ತವೆ. ಚೆ ರೊಕಾಯಾ ಎದ್ದವಳು ಸುಮ್ಮನೆ ಕೂರದೆ ಬಾಲಾ-ಬಾಲಾ ಕರಿದು ಈಗ ಎದುರುಮನೆಗೆ ಒಯ್ಯುತ್ತಾಳೆ. ಪಾ ಎರ್ತೆ ಅದನ್ನು ತಮ್ಮ ಹಾಡಿಗೆ ಸಂದ ಮೆಚ್ಚುಗೆಯೆಂದು ತಿಳಿದು ಇನ್ನೊಂದು ಹಾಡು ಹಾಡುತ್ತಾರೆ.

ಬೂದು ಹೆಡ್‌ಫೋನಿನ ಬೆನ್ನು ತೆರೆದದ್ದು. ಹೊರಗಿನದು ಒಳಗೆ ಬರುತ್ತದೆ. ಓಡಿಂಗ್‌ನ ಎರಡು ಕಾಲಿನ ಡ್ರಮ್ಮಿನ ಮಧ್ಯೆ ಪಾ ಎರ್ತೆ ಬಂದು ಬೆಟ್ಟ ಹತ್ತಿ ನಿಲ್ಲುತ್ತಾರೆ. ದನಿ ಏರಿಸಿದರೆ ಹಾಡು ಹೊರಗೆ ಸೋರಿ ಚೆ ರೊಕಾಯಾಳ ಕಿವಿಗೆ ಬಿದ್ದೀತೆಂಬ ಹೆದರಿಕೆ. ಏರಿಸದಿದ್ದರೆ ಕೈ ಕಚಾಪಿಯ ಲಯಕ್ಕೆ ಜಾರಿ ಗೆರೆಗಳು ತೂಗತೊಡಗುತ್ತವೆ. ಮುಚ್ಚಿದ ಬೆನ್ನಿನದೊಂದು, ಪೆಟ್ಟುಗಳೂ ಬಿಡಿಯಾಗಿ ಕೇಳುವಂಥದು, ಈ ದುಡ್ಡಿಗೆ ಸಿಗುವುದೇ ಎಂದು ಅವನು ತಿಗೋರ್‌ಗೆ ಫೋನು ಮಾಡಿದ್ದ. ಈ ದುಡ್ಡಿಗೆ ಎರಡರಲ್ಲಿ ಒಂದು ಸಿಗುತ್ತದೆ, ಎರಡೂ ಬೇಕಾದರೆ ಬೈಕು ಮಾರು ಎಂದನಂತೆ ಆತ.

ಅಧ್ಯಕ್ಷರಿಲ್ಲದೆ ಸಮಿತಿ ಸೇರಿತು, ಈ ಸಲ ಓಡಿಂಗ್ ಮತ್ತು ತೇ ಇಮಾಸ್‌ಗೂ ಕರೆ ಹೋಗಿತ್ತು. ಯಾರಾದರೂ ಹೋಗಿ ಹೇಳಬೇಕೆಂದು ತೀರ್ಮಾನವಾಯಿತು. ಎಲ್ಲರೂ ನನ್ನ ಕಡೆ ನೋಡಿದರು. ಪಾ ಗುರುಗೆ ಮಾತು ಬರುತ್ತದೆ ಎಂದರು.

ಹೋದೆ. ಮೆಣಸಿನಕಾಯಿ ಮತ್ತೆ ಏರಿತ್ತು, ಒಳ್ಳೆಯದೇ ಆಯಿತು. ಚರಂಡಿಯ ಬಗ್ಗೆ ಮಾತಾಡಿದೆವು. ಬಾಲಾ-ಬಾಲಾ ತಿಂದೆವು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದ ವಾಕ್ಯ ನಾಲಗೆಯ ತುದಿಯಲ್ಲಿತ್ತು. ಎದ್ದು ಚಪ್ಪಲಿ ಮೆಟ್ಟಿದೆ. ಬೆನ್ನು ತಾನಾಗಿ ತಿರುಗಿತು.

"ನಿಮ್ಮ ಕಂಠ ಬಹಳ ಚೆನ್ನಾಗಿದೆ ಪಾ," ಎಂದೆ. "ಮಸೀದಿ ತನಕ ಸ್ಪಷ್ಟವಾಗಿ ಕೇಳುತ್ತೆ."

ಪಾ ಎರ್ತೆ ಸಂತೋಷದಿಂದ ತಲೆ ಬಾಗಿಸಿ ಉಪಕಾರ ಸ್ಮರಿಸಿದರು.

ಮರುದಿನ ಒಂದು ಗಂಟೆ ಮೊದಲೇ ಶುರುಮಾಡಿದರು. ನಾನು ಓಡಿಂಗ್‌ನ ಕಿಟಕಿಯ ಬಳಿ ನಿಂತು, ಹೊಸ ಹೆಡ್‌ಫೋನು ಹೇಗಿದೆ ಎಂದು ಕೇಳಿದೆ. ಬೇರೇನು ಕೇಳಬೇಕೆಂದು ತೋಚಲಿಲ್ಲ. ಅವನು ಒಂದು ಕಿವಿಯಿಂದ ಅದನ್ನು ಸರಿಸಿದ.

"ಚೆನ್ನಾಗಿದೆ ಪಾ ಗುರು."

ರಬ್ಬರ್ ಪಟ್ಟಿ ಅವನ ಕೈಯಲ್ಲಿ ಗಾಳಿಯಲ್ಲೇ ನಿಂತಿತ್ತು. ಎದುರಿನ ಜಗುಲಿಯಲ್ಲಿ ಪಾ ಎರ್ತೆ ಬೆಟ್ಟದ ಮೇಲಿಂದ ಇಳಿದು ಉಸಿರೆಳೆದುಕೊಳ್ಳಲು ನಿಂತರು. ಆ ಬಿಡುವಿನಲ್ಲಿ ಓಡಿಂಗ್ ಒಂದು ಅಂಗಿ ಎಳೆದ.